ಎಸ್ಟೀಮ್‌ಗೆ ಹೆಡರ್: ಮೂರು ವರ್ಷ ಓಡಿಸಿ ಮತ್ತೆ ಹಳೆಯದನ್ನೇ ಹಾಕಿಸಿದೆ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆಯುವಾಗ ಬೇಲಿ ಪಕ್ಕ ನಿಂತು ಆ ಸದ್ದು ಕೇಳಿದವರಿಗೆ ನನ್ನ ಹುಚ್ಚು ಅರ್ಥವಾಗುತ್ತದೆ. ನನ್ನದು ಹಳೆಯ ಮಾರುತಿ ಎಸ್ಟೀಮ್, 1298 ಸಿಸಿ, 16 ವಾಲ್ವ್. ನಾಲ್ಕು ವರ್ಷದ ಹಿಂದೆ ಇಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೆ ಕಳಿಸುವ ಅದರ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಬಿಚ್ಚಿಸಿ, ಬೆಂಗಳೂರಿನಿಂದ ತರಿಸಿದ ಹೆಡರ್, ಅಂದರೆ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಉದ್ದ ಪೈಪು ಇರುವ ಜೋಡಣೆ, ಹಾಕಿಸಿದೆ. ಬಿಚ್ಚುವಾಗಲೇ ಹಳೆಯದನ್ನು ಇಂಜಿನ್ನಿಗೆ ಬಿಗಿದಿದ್ದ ಎರಡು ಸ್ಟಡ್ ಮುರಿದವು. ಅವತ್ತೇ ಬುದ್ಧಿ ಬರಬೇಕಿತ್ತು.

ಮೊದಲು ಒಳ್ಳೆಯದು ಹೇಳುತ್ತೇನೆ. ಕಡೂರು ರಸ್ತೆ ಖಾಲಿ ಸಿಕ್ಕಾಗ 4500 ಆರ್‌ಪಿಎಂ ದಾಟಿಸಿದರೆ ಕಾರು ನಿಜವಾಗಿಯೂ ಕಿತ್ತುಕೊಂಡು ಹೋಗುತ್ತಿತ್ತು. ಸದ್ದಂತೂ ಕೇಳಲೇಬೇಕು! ಆದರೆ ವರ್ಷಕ್ಕೆ ಎಷ್ಟು ಸಲ ಹಾಗೆ ಓಡಿಸುತ್ತೇವೆ?

ನನ್ನ ದಿನದ ಓಡಾಟ ಮುಳ್ಳಯ್ಯನಗಿರಿ ದಾರಿಯ ಕೈಮರದ ಕಡೆಯ ತೋಟಕ್ಕೆ. ಸೆಕೆಂಡ್ ಗೇರು, 2000ದಿಂದ 3000 ಆರ್‌ಪಿಎಂ, ಮುಂದೆ ಯಾರದೋ ಟೂರಿಸ್ಟ್ ಜೀಪು. ಅಲ್ಲಿ ಹೆಡರ್ ಮಂಕು. ಒಂದು ಸಿಲಿಂಡರಿನ ಹೊಗೆ ಜೋರಾಗಿ ಹೊರಟಾಗ ಹಿಂದೆ ಒತ್ತಡ ತಗ್ಗುತ್ತದೆ, ಆ ಸೆಳೆತಕ್ಕೆ ಪಕ್ಕದ ಸಿಲಿಂಡರಿನ ಹೊಗೆಯೂ ಬೇಗ ಖಾಲಿಯಾಗುತ್ತದೆ. ಹೆಡರಿನ ಗುಟ್ಟೇ ಇದು. ಆದರೆ ಪೈಪಿನ ಉದ್ದ, ದಪ್ಪ ಯಾವ ಆರ್‌ಪಿಎಂಗೆ ಹೊಂದುತ್ತದೋ ಅಲ್ಲಿ ಮಾತ್ರ ಅದು ಚೆನ್ನಾಗಿ ನಡೆಯುವುದು. ನಾನು ತಂದದ್ದು ನಾಲ್ಕು ಪೈಪು ಒಂದೇ ಕಡೆ ಸೇರುವ 4-1. ಅದು ಮೇಲಿನ ಆರ್‌ಪಿಎಂ ಗಿರಾಕಿ. ಎರಡೆರಡಾಗಿ ಸೇರಿ ಆಮೇಲೆ ಒಂದಾಗುವ 4-2-1 ತಂದಿದ್ದರೆ ನಡುವಿನ ಎಳೆತ ಸಿಗುತ್ತಿತ್ತು. ಆಗ ನೋಡಿದ್ದು ಅಂದವನ್ನು, ಏನು ಮಾಡೋಣ. ನಮ್ಮ ಮೆಕ್ಯಾನಿಕ್ ಒಂದು ರೌಂಡ್ ಹೊಡೆದು ಬಂದು, "ಸಾರ್, ಇದು ಹಾಡೋಕೆ ಚೆನ್ನಾಗಿದೆ, ಗುಡ್ಡ ಹತ್ತೋಕಲ್ಲ" ಅಂದಿದ್ದ. ಮುಳ್ಳಯ್ಯನಗಿರಿ 1930 ಮೀಟರ್. ಮೇಲೆ ಹೋದಷ್ಟೂ ಗಾಳಿ ತೆಳು, ಇಂಜಿನ್ ಹೇಗೂ ಸೊರಗುತ್ತದೆ. ಅದರ ಮೇಲೆ ಇದು.

ಎರಡನೇ ಮಳೆಗಾಲಕ್ಕೆ ಅಸಲಿ ಕಾಟ ಶುರುವಾಯಿತು. ಹೆಡರ್ ಮೈಲ್ಡ್ ಸ್ಟೀಲಿನದು. ಬಾನೆಟ್ ಒಳಗೆ ಬಿಸಿ ಜಾಸ್ತಿ ಎಂದು ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿಸಿದ್ದೆ. ಆ ಪಟ್ಟಿ ಮಲೆನಾಡಿನ ಮಳೆನೀರು ಹೀರಿಕೊಂಡು ಒಳಗೊಳಗೇ ತುಕ್ಕು ಹಿಡಿಸಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಮಾಯ. ಬೆಸುಗೆ ಹತ್ತಿರ ಸಣ್ಣ ಬಿರುಕು. ಲೋಹ ಹಿಗ್ಗಿದಾಗ ಅದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ. ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಹೋದರೆ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಮ್ಮಿ ಎಂದುಕೊಳ್ಳುತ್ತದೆ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇನ್ನಷ್ಟು ಸುರಿಯುತ್ತದೆ. ನನ್ನ ಮೈಲೇಜ್ 14ರಿಂದ 12ಕ್ಕೆ ಇಳಿಯಿತು. ಹಂಪ್‌ಗಳಲ್ಲಿ ತಳ ಉಜ್ಜಿದ್ದು ಬೇರೆ.

ಅದೃಷ್ಟಕ್ಕೆ ಹಳೆಯ ಮ್ಯಾನಿಫೋಲ್ಡನ್ನು ಮೆಣಸಿನ ಚೀಲದಲ್ಲಿ ಕಟ್ಟಿ ಸ್ಟೋರಿನಲ್ಲಿ ಇಟ್ಟಿದ್ದೆ. ಹೊಸ ಸ್ಟಡ್, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ ಹದಿನಾಲ್ಕು ತಿಂಗಳಾಯಿತು. ಭಾರ ಹೌದು, ಅಂದವಿಲ್ಲ. ಆದರೆ ಒಂದು ಸಲವೂ ಸ್ಪ್ಯಾನರ್ ಮುಟ್ಟಿಸಿಲ್ಲ.

ಹೊಸ ಕಾರಿನವರು ಇನ್ನೊಂದು ನೋಡಿಕೊಳ್ಳಿ. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಹೆಡರ್ ಹಾಕಲು ಹೋದರೆ ಅದೂ ಹೋಗುತ್ತದೆ. ಆಮೇಲೆ ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ, ಕಾನೂನಿನ ತಕರಾರು ಬೇರೆ.

ಹೆಡರಿಗೆ ಐದಕ್ಕೆ ಎರಡು ಸ್ಟಾರ್, ಅದರಲ್ಲಿ ಒಂದೂವರೆ ಸದ್ದಿಗೆ. ಈಗ ಅದು ಸ್ಟೋರಿನ ಗೋಡೆಗೆ ನೇತಾಡುತ್ತಿದೆ. ತಂಗಿ ಮಗ ಬಂದಾಗಲೆಲ್ಲ, "ಮಾವ, ಅದನ್ನ ನಂಗೆ ಕೊಡಿ" ಅಂತಾನೆ. ಅವನ ಕಾರಿಗೆ ಅದು ಕೂರುವುದೇ ಇಲ್ಲ.