ಮೊಮ್ಮಕ್ಕಳ ಖಗೋಳ ಕಿಟ್: ಮೂರು ತಿಂಗಳು ಬಳಸಿದ ತಾತನ ಅನಿಸಿಕೆ

ನಾನು 40 ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು. ಯಾವ ವಸ್ತು ಕೈಗೆ ಬಂದರೂ ಮೊದಲು ಅದರ ಸ್ಕ್ರೂ ನೋಡುತ್ತೇನೆ. ಮಗಳು ತನ್ನ ಮಕ್ಕಳಿಗೆ ಅಂತ ತರಿಸಿದ ಖಗೋಳ ಕಿಟ್ ಬಿಚ್ಚಿದಾಗಲೂ ಅದನ್ನೇ ಮಾಡಿದೆ. ಸ್ಟ್ಯಾಂಡಿನ ಸ್ಕ್ರೂ ಪ್ಲಾಸ್ಟಿಕ್ಕಿನದು. ನಾಲ್ಕು ಸಲ ಬಿಗಿ ಮಾಡುವಷ್ಟರಲ್ಲಿ ತ್ರೆಡ್ ಸವೆದು ಸುಮ್ನೆ ಸುತ್ತತೊಡಗಿತು.

ಮೊಮ್ಮಗಳಿಗೆ 7 ವರ್ಷ, ಮೊಮ್ಮಗನಿಗೆ 5. ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು: 50 ಮಿ.ಮೀ. ಲೆನ್ಸಿನ ಪುಟ್ಟ ಟೆಲಿಸ್ಕೋಪ್, ಎರಡು ಐಪೀಸ್ (ಕಣ್ಣಿಡುವ ಕಡೆ ಸಿಕ್ಕಿಸುವ ಪುಟ್ಟ ಲೆನ್ಸ್), ಮೇಜಿನ ಮೇಲಿಡುವ ಸ್ಟ್ಯಾಂಡ್, ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕ್ಕರ್, ನೂಲಿಗೆ ಕಟ್ಟಿ ತೂಗುಹಾಕುವ ಗ್ರಹಗಳು, ಚಿತ್ರದ ಕಾರ್ಡುಗಳು, ಮತ್ತೆ ಒಂದು ಕಡ್ಡಿಗೆ ಸಿಕ್ಕಿಸಿದ ಬಿಳಿ ಥರ್ಮೋಕೋಲ್ ಚೆಂಡು. ಆ ಚೆಂಡಿನ ವಿಷಯ ಆಮೇಲೆ ಹೇಳುತ್ತೇನೆ.

ಸ್ಟಿಕ್ಕರ್ ವಾರದಲ್ಲೇ ಉದುರಿದವು. ತೂಗುಹಾಕುವ ಗ್ರಹಗಳು ನೋಡಲು ಚಂದ, ಆದರೆ ಸುಳ್ಳು. ಅದರಲ್ಲಿ ಗುರು ಗ್ರಹ ಭೂಮಿಯ ಎರಡರಷ್ಟು ಇದೆ. ನಿಜವಾದ ಗುರುವಿನ ಅಡ್ಡಗಲಕ್ಕೆ 11 ಭೂಮಿಗಳನ್ನು ಸಾಲಾಗಿ ಇಡಬಹುದು. ಇಷ್ಟೂ ಅಳತೆ ಪ್ರಕಾರ ಮಾಡಿದರೆ ಮನೆಯಲ್ಲಿ ಹಿಡಿಸುವುದಿಲ್ಲ, ಒಪ್ಪುತ್ತೇನೆ. ಅಳತೆ ಸರಿಯಿಲ್ಲ ಅಂತ ಒಂದು ಸಾಲು ಬರೆಯಬಹುದಿತ್ತು ಅಲ್ವಾ?

ಈಗ ಟೆಲಿಸ್ಕೋಪ್. ಒಂದು ಐಪೀಸ್ ಹಾಕಿದರೆ 18 ಪಟ್ಟು ದೊಡ್ಡದಾಗಿ ಕಾಣುತ್ತದೆ, ಇನ್ನೊಂದರಲ್ಲಿ 60 ಪಟ್ಟು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು 60. ಮಕ್ಕಳೂ ಅದನ್ನೇ ಮೊದಲು ಕೇಳಿದರು. ಹಾಕಿದೆ. ಟ್ಯೂಬನ್ನು ಬೆರಳು ತಾಗಿಸಿದರೆ ಸಾಕು, ಚಂದ್ರ ಗಡಗಡ ನಡುಗುತ್ತಾನೆ. ನಡುಕ ನಿಲ್ಲುವವರೆಗೆ ಕಾದು, ಸರಿಯಾಗಿ ಗುರಿಯಿಟ್ಟು, ಚಿಕ್ಕವನನ್ನು ಕರೆದು, ಅವನು ಸ್ಟೂಲ್ ಹತ್ತಿ ಕಣ್ಣಿಡುವಷ್ಟರಲ್ಲಿ ಚಂದ್ರ ಅಂಚಿಗೆ ಹೋಗಿರುತ್ತಾನೆ. "ತಾತ, ಓಡಿಹೋದ!" ಅಂದ. ಅವನು ಓಡಲಿಲ್ಲ ಮರಿ, ತಿರುಗುತ್ತಿರುವುದು ನಾವು ಅಂದೆ. ಭೂಮಿ 24 ಗಂಟೆಗೆ ಒಂದು ಸುತ್ತು ಹಾಕುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಜರುಗಿದಂತೆ ಕಾಣುತ್ತದೆ. ಆ ಲೆಕ್ಕದಲ್ಲಿ ಚಂದ್ರ ತನ್ನ ಅಗಲದಷ್ಟು ಸರಿಯಲು ಎರಡೇ ನಿಮಿಷ ಸಾಕು. ಐದು ವರ್ಷದವನಿಗೆ ಡಿಗ್ರಿ ಗೊತ್ತಿಲ್ಲ. ಆದರೆ ಟೆಲಿಸ್ಕೋಪ್ ಅಲುಗಾಡಿಸದೆ ಚಂದ್ರ ಜಾರುವುದನ್ನು ನೋಡುತ್ತಾ ಕೂತ.

60ರ ಐಪೀಸನ್ನು ಎತ್ತಿಟ್ಟೆವು. 18 ಪಟ್ಟಿನಲ್ಲಿ ಪೂರ್ತಿ ಚಂದ್ರ ಚೆನ್ನಾಗಿ ಹಿಡಿಸುತ್ತಾನೆ, ಕುಳಿಗಳೂ ಕಾಣುತ್ತವೆ. ಪ್ಲಾಸ್ಟಿಕ್ ಸ್ಕ್ರೂ ತೆಗೆದು ಲೋಹದ್ದು ಹಾಕಿ ಕೆಳಗೊಂದು ವಾಷರ್ ಕೊಟ್ಟೆ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿದೆ. ನಡುಕ ಮುಕ್ಕಾಲು ಪಾಲು ಹೋಯಿತು. ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ: ಚಿಕ್ಕ ಮಕ್ಕಳಿಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ನಮ್ಮವನು ಎರಡೂ ಕಣ್ಣು ಮುಚ್ಚಿಕೊಂಡು "ಕಂಡಿತು" ಅನ್ನುತ್ತಿದ್ದ! ಕಪ್ಪು ಬಟ್ಟೆಯಲ್ಲಿ ಎಲಾಸ್ಟಿಕ್ ಹಾಕಿ ಒಂದು ಕಣ್ಣಪಟ್ಟಿ ಹೊಲಿದುಕೊಟ್ಟೆ. ಅವತ್ತು ಅವನು ನಿಜವಾಗಿ ನೋಡಿದ.

ಕೈಪಿಡಿಯಲ್ಲಿ ಹುಣ್ಣಿಮೆಯ ದಿನ ಚಂದ್ರನನ್ನು ನೋಡಿ ಅಂತಿದೆ. ಆ ಮಾತು ಕೇಳಬೇಡಿ. ಹುಣ್ಣಿಮೆಯಲ್ಲಿ ಬೆಳಕು ನೇರವಾಗಿ ಬೀಳುತ್ತದೆ, ಕುಳಿಗಳ ನೆರಳೇ ಇರುವುದಿಲ್ಲ, ಎಲ್ಲ ಸಪಾಟು. ಅರ್ಧ ಚಂದ್ರ ಇರುವ ದಿನ ಬೆಳಕು ಮತ್ತು ಕತ್ತಲು ಸೇರುವ ಗೆರೆಯ ಹತ್ತಿರ ನೋಡಿ.

ಗುರು ಗ್ರಹದ ನಾಲ್ಕು ದೊಡ್ಡ ಚಂದ್ರರೂ ಇದರಲ್ಲಿ ಚುಕ್ಕಿಗಳಾಗಿ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಅವುಗಳನ್ನು ಕಂಡದ್ದು ಸುಮಾರು 20 ಪಟ್ಟಿನ ಟೆಲಿಸ್ಕೋಪಿನಲ್ಲಿ. ನಮ್ಮದೂ ಹೆಚ್ಚು ಕಡಿಮೆ ಅಷ್ಟೇ. ಮೊಮ್ಮಗಳು ಆರು ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ದೊಡ್ಡ ಸೊನ್ನೆ ಬರೆದು ಅಕ್ಕಪಕ್ಕ ಚುಕ್ಕಿ ಇಟ್ಟಳು. ಮೊದಲ ರಾತ್ರಿ ಮೂರೇ ಚುಕ್ಕಿ. ಒಂದನ್ನು ಬಿಟ್ಟೆ ಅಂತ ಅಳು. ಗೆಲಿಲಿಯೋಗೂ ಮೊದಲ ರಾತ್ರಿ ಮೂರೇ ಕಂಡಿದ್ದವು ಅಂದ ಮೇಲೆ ಸುಮ್ಮನಾದಳು. ಆರು ಪುಟ ಪಕ್ಕಪಕ್ಕ ಇಟ್ಟಾಗ ಚುಕ್ಕಿಗಳು ಸುತ್ತುತ್ತಿವೆ ಅಂತ ಅವಳೇ ಕಂಡುಕೊಂಡಳು.

ಇನ್ನು ಕಿಟ್ಟಿನಲ್ಲಿ ನನಗೆ ಸಿಟ್ಟು ತರಿಸಿದ್ದು. ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜು ಒಂದಿತ್ತು, ಮೇಲೆ ಸೂರ್ಯನ ಚಿತ್ರ. ಅದನ್ನು ಸುತ್ತಿಗೆಯಿಂದ ಒಡೆದು ಎಸೆದೆ. ಮುಂದಿನ ಲೆನ್ಸ್ ಒಟ್ಟುಮಾಡಿದ ಸೂರ್ಯನ ಬಿಸಿಯೆಲ್ಲ ಆ ಬಟನ್ನಿನಷ್ಟು ಗಾಜಿನ ಮೇಲೇ ಬೀಳುತ್ತದೆ. ಅದು ಯಾವ ಗಳಿಗೆಯಲ್ಲಾದರೂ ಬಿರುಕು ಬಿಡಬಹುದು. ಆಗ ಅದರ ಹಿಂದೆ ಇರುವುದು ಮಗುವಿನ ಕಣ್ಣು. ಸೂರ್ಯನಿಗೆ ಅಂತಲೇ ಮಾಡಿದ ಫಿಲ್ಟರ್ ಲೆನ್ಸಿನ ಮುಂದೆ ಕೂರಬೇಕು, ಹಿಂದೆ ಅಲ್ಲ. ನಿಮ್ಮ ಕಿಟ್ಟಿನಲ್ಲೂ ಅಂಥದ್ದಿದ್ದರೆ ಇವತ್ತೇ ತೆಗೆಯಿರಿ. ಹಗಲಲ್ಲಿ ಟೆಲಿಸ್ಕೋಪನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕಂಪನಿಗೆ ಎರಡು ಸಲ ಬರೆದೆ. ಉತ್ತರ ಇಲ್ಲ.

ಈಗ ಆ ಚೆಂಡು. ಕೋಣೆ ಕತ್ತಲು ಮಾಡಿ ಒಂದೇ ಒಂದು ಬಲ್ಬ್ ಹಚ್ಚಿದೆವು. ಬಲ್ಬ್ ಸೂರ್ಯ, ಮೊಮ್ಮಗಳ ತಲೆ ಭೂಮಿ, ಕೈಚಾಚಿ ಹಿಡಿದ ಚೆಂಡು ಚಂದ್ರ. ಬಲ್ಬಿನ ಕಡೆ ಮುಖ ಮಾಡಿದಾಗ ಚೆಂಡಿನ ನಮ್ಮ ಬದಿ ಪೂರ್ತಿ ಕಪ್ಪು, ಅಮಾವಾಸ್ಯೆ. ನಿಧಾನಕ್ಕೆ ಎಡಕ್ಕೆ ತಿರುಗಿದಳು. ಬಲ ಅಂಚಿನಲ್ಲಿ ತೆಳು ಬಿದಿಗೆ ಮೂಡಿತು, ಆಮೇಲೆ ಅರ್ಧ. ಬಲ್ಬಿಗೆ ಬೆನ್ನು ಮಾಡಿ ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದಾಗ ಹುಣ್ಣಿಮೆ.

ಆಗ ಅವಳು ಕಾರ್ಡ್ ತಂದಳು. ಅದರಲ್ಲಿ ಅಚ್ಚಾಗಿರುವುದು: ಭೂಮಿಯ ನೆರಳು ಮುಚ್ಚುವುದರಿಂದ ಚಂದ್ರ ಚಿಕ್ಕದಾಗುತ್ತಾನೆ. "ತಾತ, ನನ್ನ ತಲೆಯ ನೆರಳು ಚೆಂಡಿನ ಮೇಲೆ ಬಿದ್ದೇ ಇಲ್ಲ. ಆದರೂ ಅರ್ಧ ಕಪ್ಪಾಯಿತಲ್ಲ?"

ನಾನು ತೆಪ್ಪಗಾದೆ. ಯಾಕೆಂದರೆ 68 ವರ್ಷದಿಂದ ನಾನೂ ಕಾರ್ಡಿನಲ್ಲಿ ಇರುವುದನ್ನೇ ನಂಬಿದ್ದೆ. ಇನ್ನೊಮ್ಮೆ ತಿರುಗಿ ನೋಡಿದೆವು. ಚೆಂಡಿನ ಅರ್ಧ ಯಾವಾಗಲೂ ಬೆಳಗಿಯೇ ಇರುತ್ತದೆ, ಅದರಲ್ಲಿ ನಮಗೆ ಎಷ್ಟು ಕಾಣುತ್ತದೆ ಅನ್ನುವುದಷ್ಟೇ ಬದಲಾಗುತ್ತದೆ. ಚೆಂಡನ್ನು ತಲೆಯ ನೇರಕ್ಕೆ ಇಳಿಸಿದಾಗ ಮಾತ್ರ ಅವಳ ನೆರಳು ಅದರ ಮೇಲೆ ಬಿತ್ತು. ಅದು ಗ್ರಹಣ. ಪ್ರತಿ ಹುಣ್ಣಿಮೆಗೂ ಗ್ರಹಣ ಆಗದಿರುವುದು ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ.

ಮಗು ಐದರ ಆಸುಪಾಸಿನಲ್ಲಿದ್ದರೆ ಕಿಟ್ ಬೇಡ, ಚೆಂಡು ಮತ್ತು ಬಲ್ಬ್ ಸಾಕು. ಏಳೆಂಟು ಆಗಿದ್ದು, ಸ್ಟ್ಯಾಂಡ್ ರಿಪೇರಿ ಮಾಡುವ ದೊಡ್ಡವರು ಮನೆಯಲ್ಲಿದ್ದರೆ ತೆಗೆದುಕೊಳ್ಳಿ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಮೊದಲು ಅದನ್ನೇ ಗೋಡೆಗೆ ಒರಗಿಸಿ ಹಿಡಿದು ಚಂದ್ರನನ್ನು ತೋರಿಸಿ. ಒಂದು ಕಣ್ಣು ಮುಚ್ಚುವ ತಾಪತ್ರಯವೂ ಇಲ್ಲ.

ಹೋದ ವಾರ ಮಧ್ಯಾಹ್ನ ಅರ್ಧ ಚಂದ್ರ ಆಕಾಶದಲ್ಲಿದ್ದ, ಬಿಸಿಲೂ ಇತ್ತು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದ ಚಿಕ್ಕವನ ಕೈಗೆ ಚೆಂಡು ಕೊಟ್ಟು, ಚಂದ್ರನ ಪಕ್ಕದಲ್ಲೇ ಕಾಣುವ ಹಾಗೆ ಎತ್ತಿ ಹಿಡಿ ಅಂದೆ. ಹಿಡಿದ. ಚಂದ್ರನ ಯಾವ ಬದಿ ಬೆಳಗಿತ್ತೋ ಚೆಂಡಿನದೂ ಅದೇ ಬದಿ, ಅಷ್ಟೇ ಭಾಗ ಬೆಳಗಿತ್ತು. ಅವನು ಚೆಂಡು ನೋಡಿದ, ಚಂದ್ರನನ್ನು ನೋಡಿದ, ಮತ್ತೆ ಚೆಂಡು ನೋಡಿದ. "ತಾತ, ಅದಕ್ಕೂ ಇದೇ ಬಿಸಿಲಾ?" ಅಂತ ಕೇಳಿದ.