ಡಾರ್ಕ್‌ಟೇಬಲ್ ವರ್ಷಗಟ್ಲೆ ಬಳಸಿದ ಮೇಲೆ: ಮೋಡನೂ ಬೇಕು, ಕಣಿವೆನೂ ಬೇಕು ಅನ್ನೋರಿಗೆ

ಫೋಟೋ ಎಡಿಟ್ ಮಾಡೋ ಸಾಫ್ಟ್‌ವೇರ್ ಆದ ಡಾರ್ಕ್‌ಟೇಬಲ್ ತಗೊಳ್ಳಬಹುದಾ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ಕೇಳೋದು ನೀವು ಎಂಥ ಫೋಟೋ ತೆಗೀತೀರಿ ಅಂತ. ಮದುವೆ, ನಾಮಕರಣ ಅಂತ ಒಂದೇ ದಿನ ಸಾವಿರಾರು ಫೋಟೋ ಹೊಡೆದು ಬೇಗ ಬೇಗ ಕೊಡ್ಬೇಕು ಅನ್ನೋರಿಗೆ ನಾನಂತೂ ಇದನ್ನ ಹೇಳಲ್ಲ. ಆದ್ರೆ ಬೆಳಿಗ್ಗೆ ಸೂರ್ಯನ ಎದುರಿಗೇ ಕ್ಯಾಮೆರಾ ಇಟ್ಟು, ಮೇಲೆ ಕಣ್ಣು ಕೋರೈಸೋ ಮೋಡ, ಕೆಳಗೆ ಇನ್ನೂ ಬೆಳಕೇ ಬೀಳದ ಕಣಿವೆ, ಎರಡೂ ಒಂದೇ ಫ್ರೇಮಲ್ಲಿ ಬೇಕು ಅನ್ನೋರಾದ್ರೆ ಕಣ್ಣು ಮುಚ್ಕೊಂಡು ಹಾಕ್ಕೊಳ್ಳಿ ಅಂತೀನಿ. ಹೆಂಗೂ ದುಡ್ಡು ಕೊಡೋ ಹಂಗಿಲ್ಲ. 2009ರಲ್ಲಿ ಶುರುವಾದ ಓಪನ್ ಸೋರ್ಸ್ ಪ್ರಾಜೆಕ್ಟ್ ಇದು, ಮೊದಲು ಲಿನಕ್ಸ್, ಮ್ಯಾಕ್‌ನೋರಿಗೆ ಮಾತ್ರ ಇತ್ತು, 2017ರ ಕೊನೆಗೆ ಬಂದ 2.4 ವರ್ಷನ್‌ನಿಂದ ವಿಂಡೋಸ್‌ಗೂ ಸಿಗುತ್ತೆ.

ನಾನು ಹೆಚ್ಚು ತೆಗೆಯೋದು ಪಶ್ಚಿಮ ಘಟ್ಟದ್ದು. ಮುಳ್ಳಯ್ಯನಗಿರಿ ಕಡೆ ಹೋದೋರಿಗೆ ಗೊತ್ತಿರುತ್ತೆ, ಬೆಟ್ಟದ ನೆತ್ತಿ ಪೂರ್ತಿ ಹುಲ್ಲು, ಅದು ಬಿಸಿಲಿಗೆ ಹೊಳೀತಿರುತ್ತೆ, ಎರಡು ಗುಡ್ಡದ ಮಧ್ಯ ಇಳಿಜಾರಲ್ಲಿ ಶೋಲಾ ಕಾಡು, ಅದು ಕಪ್ಪು ಅಂದ್ರೆ ಕಪ್ಪು. ನಿಂತು ನೋಡಿದ್ರೆ ನಮ್ಮ ಕಣ್ಣಿಗೆ ಎರಡೂ ಕಾಣುತ್ತೆ. ಕ್ಯಾಮೆರಾದ ಜೆಪೆಗ್‌ನಲ್ಲಿ ಮಾತ್ರ ಒಂದೋ ಆಕಾಶ ಬೆಳ್ಳಗೆ ಸುಟ್ಟು ಹೋಗಿರುತ್ತೆ, ಇಲ್ಲಾ ಕಾಡು ಇದ್ದಿಲ ರಾಶಿ ಆಗಿರುತ್ತೆ. ರಾ ಫೈಲಲ್ಲಿ, ಅಂದ್ರೆ ಸೆನ್ಸರ್ ಹಿಡಿದಿದ್ದನ್ನ ಹಂಗೇ ಇಟ್ಕೊಳ್ಳೋ ಫೈಲಲ್ಲಿ, ಹಂಗಲ್ಲ. 14 ಬಿಟ್ ರಾ ಅಂದ್ರೆ ಪ್ರತಿ ಪಿಕ್ಸೆಲ್‌ಗೆ 16,384 ಹಂತ, ಜೆಪೆಗ್‌ಗೆ ಒಂದೊಂದು ಬಣ್ಣಕ್ಕೆ ಬರೀ 256. ಆ ಕಪ್ಪೊಳಗೆ ಎಲೆ, ಕೊಂಬೆ ಎಲ್ಲಾ ಕೂತಿದೆ, ತೆಗೆಯೋ ದಾರಿ ಬೇಕಷ್ಟೆ.

ಆ ದಾರಿ ನನಗೆ ಸಿಕ್ಕಿದ್ದು ಟೋನ್ ಈಕ್ವಲೈಜರ್ ಅನ್ನೋ ಮಾಡ್ಯೂಲಲ್ಲಿ (ಇದರಲ್ಲಿ ಒಂದೊಂದು ಎಡಿಟ್ ಟೂಲಿಗೂ ಮಾಡ್ಯೂಲ್ ಅಂತಾರೆ). ಇದು 2019ರ ಡಿಸೆಂಬರಲ್ಲಿ ಬಂದ 3.0 ಜೊತೆ ಬಂತು, ನನ್ನ ಪ್ರಕಾರ ಈ ಸಾಫ್ಟ್‌ವೇರ್‌ನ ಇದೊಂದಕ್ಕೋಸ್ಕರನೇ ಕಲಿಬಹುದು. ಶ್ಯಾಡೋ ಎತ್ತೋ ಸ್ಲೈಡರ್ ಎಲ್ಲಾ ಕಡೆ ಇರುತ್ತೆ, ಆದ್ರೆ ಅದನ್ನ ಜಾಸ್ತಿ ಎಳೆದ್ರೆ ಬೆಟ್ಟದ ಅಂಚಿಗೆ ಬೆಳ್ಳನೆ ಪಟ್ಟಿ ಬರುತ್ತಲ್ಲ, ಅದೇ ಹೇಲೋ, ಅದು ಬಂತು ಅಂದ್ರೆ ನನ್ನ ಮಟ್ಟಿಗೆ ಆ ಫೋಟೋ ಕೆಟ್ಟ ಹಂಗೆ. ಟೋನ್ ಈಕ್ವಲೈಜರ್ ಏನ್ ಮಾಡುತ್ತೆ ಅಂದ್ರೆ ಮೊದಲು ಫೋಟೋದ ಒಂದು ಕಪ್ಪುಬಿಳುಪು ಮಾಸ್ಕ್ ಮಾಡ್ಕೊಳ್ಳುತ್ತೆ, ಅದರಲ್ಲಿ ಸಣ್ಣ ಸಣ್ಣ ವಿವರ ಎಲ್ಲಾ ಮಬ್ಬಾಗಿರುತ್ತೆ ಆದ್ರೆ ಬೆಟ್ಟದ ಅಂಚಿನಂಥ ದೊಡ್ಡ ಗೆರೆ ಮಾತ್ರ ಚೂಪಾಗೇ ಉಳಿದಿರುತ್ತೆ, ಆಮೇಲೆ ಆ ಮಾಸ್ಕಲ್ಲಿ ಎಲ್ಲಿ ಎಷ್ಟು ಕತ್ತಲಿದೆಯೋ ಅದರ ಲೆಕ್ಕದಲ್ಲಿ ಎಕ್ಸ್‌ಪೋಶರ್ ಏರಿಸುತ್ತೆ, ಇಳಿಸುತ್ತೆ. ಅಂದ್ರೆ ಇಡೀ ಶೋಲಾ ಒಟ್ಟಿಗೆ ಮೇಲೆ ಬರುತ್ತೆ, ಒಳಗಿನ ಎಲೆಗೂ ಕೊಂಬೆಗೂ ನಡುವೆ ಇದ್ದ ಕಾಂಟ್ರಾಸ್ಟ್ ಹಂಗೇ ಇರುತ್ತೆ. ಕೆಲಸ ಮಾಡೋದೂ ಸುಲಭ, ಮೌಸ್‌ನ ಫೋಟೋದಲ್ಲಿ ಆ ಕಾಡಿನ ಮೇಲೆ ಇಟ್ಟು ವೀಲ್ ತಿರುಗಿಸಿದ್ರೆ ಆಯ್ತು, ಅಷ್ಟು ಬೆಳಕಿರೋ ಜಾಗ ಎಲ್ಲಾ ಒಟ್ಟಿಗೆ ಏರುತ್ತೆ.

ಒಂದು ವಿಷಯ ಮಾತ್ರ ತುಂಬಾ ಜನ ಬಿಟ್ಬಿಡ್ತಾರೆ. ಮಾಸ್ಕಿಂಗ್ ಟ್ಯಾಬಿಗೆ ಹೋಗಿ ಮಾಸ್ಕ್ ಎಕ್ಸ್‌ಪೋಶರ್, ಮಾಸ್ಕ್ ಕಾಂಟ್ರಾಸ್ಟ್ ಎರಡರ ಪಕ್ಕ ಇರೋ ಮಂತ್ರದಂಡದ ಬಟನ್ ಒತ್ತಬೇಕು. ಒತ್ತದಿದ್ರೆ ಹಿಸ್ಟೋಗ್ರಾಮ್, ಅಂದ್ರೆ ಕತ್ತಲು ಬೆಳಕು ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್, ಒಂದು ಮೂಲೆಗೆ ಮುದ್ದೆ ಆಗಿ ಕೂತಿರುತ್ತೆ, ಅವಾಗ ಏನು ಎಳೆದ್ರೂ ಆಕಾಶನೂ ಕಾಡೂ ಒಟ್ಟಿಗೆ ಅಲ್ಲಾಡುತ್ತೆ. ಒತ್ತಿದ್ರೆ ಅದು ಮೈನಸ್ 8 ಇವಿಯಿಂದ (ಇವಿ ಅಂದ್ರೆ ಎಕ್ಸ್‌ಪೋಶರ್ ಅಳತೆ) 0 ತನಕ ಹರಡ್ಕೊಳ್ಳುತ್ತೆ, ಒಂದೊಂದು ಭಾಗನ ಬೇರೆ ಬೇರೆ ಹಿಡಿಬಹುದು. ಈ ಮಾಡ್ಯೂಲ್ ಕೆಲಸಕ್ಕೆ ಬರಲ್ಲ ಅಂತ ಬಿಟ್ಟವರಿದ್ರೆ ಇದೊಂದು ಮಾಡಿ ನೋಡಿ.

ಫೋಟೋ ತೆಗೆಯುವಾಗಲೇ ಹೈಲೈಟ್, ಅಂದ್ರೆ ತುಂಬಾ ಬೆಳಕಿರೋ ಭಾಗ, ಕಾಪಾಡಿದ್ರೆ ಅರ್ಧ ಕೆಲಸ ಮುಗೀತು. ಸೆನ್ಸರ್ ತುಂಬಿ ಹೋದ ಮೇಲೆ, ಅಂದ್ರೆ ಕೆಂಪು ಹಸಿರು ನೀಲಿ ಮೂರೂ ಕ್ಲಿಪ್ ಆದ್ಮೇಲೆ, ಅಲ್ಲಿ ಏನೂ ಉಳಿದಿರಲ್ಲ. ಒಂದೋ ಎರಡೋ ಚಾನಲ್ (ಬಣ್ಣ) ಮಾತ್ರ ಹೋಗಿದ್ರೆ ಹೈಲೈಟ್ ರಿಕನ್‌ಸ್ಟ್ರಕ್ಷನ್ ಮಾಡ್ಯೂಲ್ ಉಳಿದ ಚಾನಲ್ ನೋಡಿ ಅಂದಾಜು ಕಟ್ಟುತ್ತೆ, 4.2 ಆದ್ಮೇಲೆ ಇದು ತುಂಬಾ ಚೆನ್ನಾಗಾಗಿದೆ, ಮೊದಲಿನ ಹಂಗೆ ಮೋಡದ ಮಧ್ಯ ಗುಲಾಬಿ ಕಲೆ ಕಾಣೋದು ಕಮ್ಮಿ. ಕ್ಯಾಮೆರಾ ಹಿಂದೆ ಕಾಣೋ ಹಿಸ್ಟೋಗ್ರಾಮ್ ಜೆಪೆಗ್‌ದು, ರಾ ಫೈಲದ್ದಲ್ಲ, ಹಾಗಾಗಿ ಅಲ್ಲಿ ಸುಟ್ಟು ಹೋಗಿದೆ ಅಂತ ಮಿಣುಕಿದ್ದೆಲ್ಲಾ ನಿಜವಾಗ್ಲೂ ಹೋಗಿರಲ್ಲ. ಎಡಿಟ್ ಮಾಡೋ ಪರದೆ ಡಾರ್ಕ್‌ರೂಮಲ್ಲಿ ಕೆಳಗಡೆ ಪಟ್ಟಿಯಲ್ಲಿ ರಾ ಓವರ್‌ಎಕ್ಸ್‌ಪೋಸ್ಡ್ ಬಟನ್ ಇದೆ, ಅದು ನಿಜ ತೋರಿಸುತ್ತೆ. ಸ್ವಲ್ಪ ದಿನ ಎರಡನ್ನೂ ಪಕ್ಕ ಪಕ್ಕ ನೋಡಿದ್ರೆ ನಿಮ್ಮ ಕ್ಯಾಮೆರಾ ಎಷ್ಟು ತಡ್ಕೊಳ್ಳುತ್ತೆ ಅಂತ ಕೈಗೆ ಗೊತ್ತಾಗುತ್ತೆ.

ಆಮೇಲೆ ಸಿಗ್ಮಾಯ್ಡ್ ಅನ್ನೋ ಮಾಡ್ಯೂಲ್. ಇಷ್ಟು ದೊಡ್ಡ ಬೆಳಕಿನ ವ್ಯಾಪ್ತಿನ ಸ್ಕ್ರೀನ್ ತೋರಿಸೋ ಅಷ್ಟಕ್ಕೆ ಇಳಿಸೋದು ಇದರ ಕೆಲಸ, 2022ರ ಡಿಸೆಂಬರ್‌ನಲ್ಲಿ 4.2 ಜೊತೆ ಬಂತು. ಅದಕ್ಕೂ ಮೊದಲಿಂದ ಫಿಲ್ಮಿಕ್ ಇದೆ, ಅದರಲ್ಲಿ ಹಿಡಿತ ಜಾಸ್ತಿ, ಸ್ಲೈಡರೂ ಜಾಸ್ತಿ. ನಾನು ಸೂರ್ಯ ಫ್ರೇಮೊಳಗೇ ಇದ್ರೆ ಸಿಗ್ಮಾಯ್ಡ್ ಹಾಕ್ತೀನಿ, ಕಾಂಟ್ರಾಸ್ಟ್, ಸ್ಕ್ಯೂ ಅಂತ ಎರಡೇ ಮುಖ್ಯ ಸ್ಲೈಡರ್, ಆಗುಂಬೆ ಸೂರ್ಯಾಸ್ತದ ಕಿತ್ತಳೆ ನಿಧಾನಕ್ಕೆ ಹಳದಿಗೆ ತಿರುಗಿ ಆಮೇಲೆ ಬಿಳಿಗೆ ಹೋಗೋದು ನೋಡೋಕೆ ಖುಷಿ ಆಗುತ್ತೆ. ಎರಡನ್ನೂ ಒಟ್ಟಿಗೆ ಆನ್ ಮಾಡ್ಬೇಡಿ, ಎರಡರದ್ದೂ ಒಂದೇ ಕೆಲಸ.

ನೆರಳು ಎತ್ತಿದ ಮೇಲೆ ಇನ್ನೊಂದು ತೊಂದರೆ ಎದುರಾಗುತ್ತೆ, ಕಾಡು ನೀಲಿ ನೀಲಿ ಕಾಣುತ್ತೆ. ಅದು ಸಾಫ್ಟ್‌ವೇರ್ ತಪ್ಪಲ್ಲ, ನೆರಳಿಗೆ ಬೀಳೋದು ಸೂರ್ಯನ ನೇರ ಬೆಳಕಲ್ಲ, ಆಕಾಶದ ಬೆಳಕು, ಅದು ನೀಲಿನೇ. ಕತ್ತಲಲ್ಲಿದ್ದಾಗ ಗೊತ್ತಾಗ್ತಿರಲಿಲ್ಲ, ಎತ್ತಿದ ಕೂಡ್ಲೇ ಕಾಣುತ್ತೆ. ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲ್‌ನ ಇನ್ನೊಂದು ಸಲ ಹಾಕಿ, ಪ್ಯಾರಾಮೆಟ್ರಿಕ್ ಮಾಸ್ಕಲ್ಲಿ (ಬೆಳಕು, ಬಣ್ಣದ ಲೆಕ್ಕದಲ್ಲಿ ಜಾಗ ಆರಿಸೋದು) ಕತ್ತಲ ಭಾಗ ಮಾತ್ರ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿದ್ರೆ ಶೋಲಾದ ಹಸಿರು ಹಸಿರಾಗೇ ಬರುತ್ತೆ. ಪೂರ್ತಿ ನೀಲಿ ತೆಗೀಬೇಡಿ, ಬೆಳಗಿನ ಚಳಿ ಕಾಣೋದು ಅದರಲ್ಲೇ. ನಾಯ್ಸ್‌ಗೆ, ಅಂದ್ರೆ ಕಾಳು ಕಾಳಾಗಿ ಕಾಣೋದಕ್ಕೆ, ಡಿನಾಯ್ಸ್ ಪ್ರೊಫೈಲ್ಡ್ ಸಾಕು, ನಿಮ್ಮ ಕ್ಯಾಮೆರಾ ಪ್ರೊಫೈಲ್ ಅದರಲ್ಲಿ ಇದ್ರೆ ಐಎಸ್‌ಒ ನೋಡಿ ಅದೇ ಲೆಕ್ಕ ಹಾಕ್ಕೊಳ್ಳುತ್ತೆ.

ಇಲ್ಲಿ ನಾನು ಒಂದು ಮಾತು ಗಟ್ಟಿಯಾಗೇ ಹೇಳ್ತೀನಿ. ಎತ್ತೋಕೆ ಆಗುತ್ತೆ ಅಂತ ಎಲ್ಲಾ ನೆರಳೂ ಎತ್ತಬಾರದು. ಹಂಪಿ ಮಾತಂಗ ಬೆಟ್ಟದಿಂದ ಸೂರ್ಯೋದಯ ತೆಗೆದ ಎಷ್ಟೋ ಫೋಟೋದಲ್ಲಿ ಬಂಡೆಯ ಎರಡೂ ಮಗ್ಗುಲು ಒಂದೇ ಥರ ಬೆಳಗಿರುತ್ತೆ, ಹಿಂದೆ ಸೂರ್ಯ ಇದ್ದಾನೆ, ಮುಂದಿನ ಕಲ್ಲಿಗೆ ಬೆಳಕು ಎಲ್ಲಿಂದ ಬಂತು? ನೋಡೋರಿಗೆ ಕಾರಣ ಗೊತ್ತಾಗದಿದ್ರೂ ಸುಳ್ಳು ಅಂತ ಅನ್ಸುತ್ತೆ. ಅಲ್ಲಿ ನಿಂತಾಗ ಕಣ್ಣಿಗೆ ಬಂಡೆಯ ಮೈ ಎಷ್ಟು ಕಂಡಿತ್ತೋ ಅಷ್ಟೇ ಸಾಕು. ಟೋನ್ ಈಕ್ವಲೈಜರ್‌ನಲ್ಲಿ ನಾನು ಮಧ್ಯದ ಕತ್ತಲನ್ನ ಎತ್ತಿ ತೀರಾ ಎಡಗಡೆ ಪಾಯಿಂಟ್‌ಗಳನ್ನ ಹಂಗೇ ಬಿಡೋದು ಅದಕ್ಕೇ, ಕಲ್ಲಿನ ಸಂದಿ ಕಪ್ಪಾಗೇ ಇದ್ರೆ ಬಂಡೆಗೆ ತೂಕ ಬರುತ್ತೆ.

ಮರವಂತೆ ಥರ ನೇರ ದಿಗಂತ ಇರೋ ಕಡೆ ಇಷ್ಟೆಲ್ಲಾ ಬೇಡ, ಮೇಲಿಂದ ಕೆಳಗೆ ನಿಧಾನಕ್ಕೆ ಕಪ್ಪು ಕಮ್ಮಿ ಆಗೋ ಗ್ರಾಜುಯೇಟೆಡ್ ಡೆನ್ಸಿಟಿ ಹಾಕಿ ಆಕಾಶ ಇಳಿಸಿದ್ರೆ ಮುಗೀತು. ಬೆಟ್ಟದಲ್ಲಿ ಅದು ಆಗಲ್ಲ, ಶಿಖರನೂ ಕಪ್ಪಾಗುತ್ತೆ. ಬ್ರಾಕೆಟ್ ಮಾಡಿದ, ಅಂದ್ರೆ ಬೇರೆ ಬೇರೆ ಎಕ್ಸ್‌ಪೋಶರಲ್ಲಿ ತೆಗೆದ, ರಾ ಫೈಲ್‌ಗಳನ್ನ ಸೇರಿಸೋ ಎಚ್‌ಡಿಆರ್ ಆಪ್ಷನ್ನೂ ಇದೆ, ಟ್ರೈಪಾಡ್ ಇಲ್ದೆ ತೆಗೆದಿದ್ರೆ ಅದರ ತಂಟೆಗೆ ಹೋಗ್ಬೇಡಿ.

ಕಮ್ಮಿ ಅನ್ಸೋದೂ ಇದೆ. ರಾ ತೆರೆದ ಕೂಡ್ಲೇ ಕ್ಯಾಮೆರಾ ಜೆಪೆಗ್ ಥರ ಬಣ್ಣ ಬರಲ್ಲ, ಹಂಗೆ ಬರ್ಬೇಕು ಅಂತ ಇದನ್ನ ಬರೆಯೋ ಡೆವಲಪರ್‌ಗಳು ಮಾಡೂ ಇಲ್ಲ. ಮಾಡ್ಯೂಲ್‌ಗಳು ವಿಪರೀತ, ಮೊದಲ ಕೆಲವು ತಿಂಗಳು ತಲೆ ತಿರುಗುತ್ತೆ, ಎಕ್ಸ್‌ಪೋಶರ್, ಟೋನ್ ಈಕ್ವಲೈಜರ್, ಸಿಗ್ಮಾಯ್ಡ್, ಕಲರ್ ಬ್ಯಾಲೆನ್ಸ್ ಆರ್‌ಜಿಬಿ, ಈ ನಾಲ್ಕು ಬಿಟ್ಟು ಬೇರೆ ಮುಟ್ಟದಿದ್ರೂ ನಡೆಯುತ್ತೆ. ಮಂಜು ಕಮ್ಮಿ ಮಾಡೋಕೆ ಡಿಫ್ಯೂಸ್ ಆರ್ ಶಾರ್ಪನ್ ಅದ್ಭುತ, ಆದ್ರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪಲ್ಲಿ ಒಂದೊಂದು ಬದಲಾವಣೆಗೂ ಕಾಯ್ಬೇಕು, ಅದನ್ನ ಎಲ್ಲಾ ಮುಗಿದ ಮೇಲೆ ಕೊನೆಗೆ ಹಾಕಿ.

ವರ್ಷಕ್ಕೆ ಎರಡು ಸಲ, ಜೂನ್ ಮತ್ತೆ ಡಿಸೆಂಬರ್ ಸುಮಾರಿಗೆ, ಹೊಸ ವರ್ಷನ್ ಬರುತ್ತೆ. ಹಳೇ ಎಡಿಟ್‌ಗಳು ಹಂಗೇ ತೆರ್ಕೊಳ್ಳುತ್ತೆ, ತೆಗೆದುಹಾಕಿದ ಮಾಡ್ಯೂಲ್ ಕೂಡ ಹಳೇ ಫೋಟೋದಲ್ಲಿ ಕೆಲಸ ಮಾಡುತ್ತೆ, ಈ ವಿಷಯದಲ್ಲಿ ಅವರ ಮೇಲೆ ನನಗೆ ತುಂಬಾ ಗೌರವ. ಆದ್ರೆ ಹೊಸ ವರ್ಷನ್ ಒಂದ್ಸಲ ಡೇಟಾಬೇಸ್ (ಫೋಟೋಗಳ ಪಟ್ಟಿ, ಎಡಿಟ್ ಇಟ್ಕೊಳ್ಳೋ ಫೈಲ್) ಬದಲಾಯಿಸಿದ ಮೇಲೆ ಹಳೇ ವರ್ಷನ್ ಅದನ್ನ ತೆರೆಯಲ್ಲ, ಅದಕ್ಕೇ ಅಪ್‌ಡೇಟ್ ಮಾಡೋ ಮುಂಚೆ ಡೇಟಾಬೇಸ್ ಒಂದು ಕಾಪಿ, ರಾ ಪಕ್ಕದಲ್ಲಿ ಕೂರೋ ಎಕ್ಸ್‌ಎಂಪಿ ಫೈಲ್‌ಗಳ (ನಿಮ್ಮ ಎಡಿಟ್ ಇವುಗಳಲ್ಲೂ ಇರುತ್ತೆ) ಒಂದು ಕಾಪಿ ಬೇರೆ ಡಿಸ್ಕಲ್ಲಿ ಇಟ್ಕೊಳ್ಳಿ.