ಬರ್ಚ್ ಪ್ಲೈ ಅಂದರು, ಬಂದಿದ್ದು 'ಬರ್ಚ್ ಫಿನಿಶ್': ಲೇಸರ್ ಕಟಿಂಗ್ ಮಾಡಿಸುವವರೇ ಹುಷಾರು

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಇನ್ನೊಬ್ಬ ಇದೇ ಗುಂಡಿಗೆ ಬೀಳುತ್ತಾನೆ. ಹೋಗಿದ್ದು 14,850 ರೂಪಾಯಿ. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಆ ಕಟಿಂಗ್ ಅಂಗಡಿಯವನು ಕೊಟ್ಟ ಉತ್ತರ. ಅದು ಆಮೇಲೆ.

ನನ್ನದು ಕೊಡಗಿನ ಮೂರ್ನಾಡಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ, ಆಗ ಊಟಕ್ಕೂ ಪುರುಸೊತ್ತಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅಂಗಡಿಗೆ ನಾಯಿ ಕೂಡ ಬರಲ್ಲ. ಆ ಮೂರು ತಿಂಗಳು ನಾನು ಮಾಡೆಲ್ ಕಟ್ಟುತ್ತೇನೆ. ಇಷ್ಟು ವರ್ಷ ಬಾಲ್ಸಾ ಕಡ್ಡಿಯ ಸಣ್ಣಪುಟ್ಟ ಗ್ಲೈಡರ್. ಈ ಸಲ ದೊಡ್ಡದಕ್ಕೆ ಕೈ ಹಾಕಿದೆ. ಆರ್101 ಅನ್ನುವ, ಗ್ಯಾಸ್ ತುಂಬಿ ಹಾರಿಸುತ್ತಿದ್ದ ಹಳೇ ಕಾಲದ ಆಕಾಶನೌಕೆ.

ಯಾಕೆ ಅದೇ ಅಂತ ಕೇಳಬಹುದು. ಎಲ್ಲರೂ ಜರ್ಮನಿಯ ಆಕಾಶನೌಕೆ ಹಿಂಡೆನ್‌ಬರ್ಗ್ ಮಾಡುತ್ತಾರೆ. ಆರ್101 ಹೊರಟಿದ್ದೇ ನಮ್ಮ ದೇಶಕ್ಕೆ. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಎದ್ದು ಕರಾಚಿಗೆ ಬರಬೇಕಿತ್ತು. ಕರಾಚಿ ಆಗ ಇಂಡಿಯಾದಲ್ಲೇ ಅಲ್ವಾ. ಅಲ್ಲಿ ಇದಕ್ಕೋಸ್ಕರ ದೊಡ್ಡ ಶೆಡ್ಡು, ಕಟ್ಟಿ ನಿಲ್ಲಿಸಲು ಕಂಬ ಎಲ್ಲ ರೆಡಿ ಮಾಡಿ ಕಾಯುತ್ತಿದ್ದರು. ಅದು ಫ್ರಾನ್ಸ್ ಕೂಡ ದಾಟಲಿಲ್ಲ. ರಾತ್ರಿ ಎರಡು ಗಂಟೆ ಹೊತ್ತಿಗೆ ಬೋವೆ ಅನ್ನುವ ಊರಿನ ಹತ್ತಿರ ನೆಲಕ್ಕೆ ಬಿದ್ದು ಉರಿದುಹೋಯಿತು. 54 ಜನರಲ್ಲಿ 48 ಜನ ಸತ್ತರು. ಬರಲಾಗದ ಆ ನೌಕೆಯನ್ನು ನಮ್ಮ ಮನೆಯ ಜಗಲಿಯಲ್ಲಾದರೂ ತೂಗುಹಾಕೋಣ ಅಂತ ಆಸೆ. ಹುಚ್ಚು ಅನ್ನಿ, ಬೇಜಾರಿಲ್ಲ.

ನಿಜವಾದ್ದು 777 ಅಡಿ ಉದ್ದ. ನೂರರಲ್ಲಿ ಒಂದು ಪಾಲು ಮಾಡಿದರೂ 2 ಮೀಟರ್ 37 ಸೆಂಟಿಮೀಟರ್. ನಡುವಿನ ದಪ್ಪ 40 ಸೆಂಟಿಮೀಟರ್. ನಾನು ಹಾಕಿದ ನಕ್ಷೆಯಲ್ಲಿ 18 ಬಳೆ, ಒಂದೊಂದು ಬಳೆಯ ಸುತ್ತ 30 ಕಚ್ಚು. ಆ ಕಚ್ಚುಗಳಲ್ಲಿ ಮೂತಿಯಿಂದ ಬಾಲದವರೆಗೆ ಉದ್ದಪಟ್ಟಿಗಳು ಕೂರಬೇಕು. 18 ಗುಣಿಸು 30, ಒಟ್ಟು 540 ಕಚ್ಚು. ಈ 540 ಲೆಕ್ಕ ನೆನಪಿಟ್ಟುಕೊಳ್ಳಿ, ನನ್ನ ಪ್ರಾಣ ತಿಂದಿದ್ದು ಅದೇ. ಕೈ ಗರಗಸದಲ್ಲಿ ಇಷ್ಟು ಕಚ್ಚು ಹೊಡೆಯೋಕೆ ಆಗಲ್ಲ. ಲೇಸರ್ರೇ ಬೇಕು.

ಬೆಂಗಳೂರಿನ ಒಂದು ಕಟಿಂಗ್ ಅಂಗಡಿ ಸಿಕ್ಕಿತು. ಹೆಸರು ಹೇಳಲ್ಲ. ವಾಟ್ಸಾಪ್‌ನಲ್ಲಿ ಫೋಟೋ ನೋಡಿದರೆ ಬಾಯಲ್ಲಿ ನೀರು ಬರಬೇಕು, ಹಾಗಿತ್ತು ಕೆಲಸ. ನಕ್ಷೆ ಕಳಿಸಿದೆ. 3 ಮಿಲಿಮೀಟರ್ ಬರ್ಚ್ ಪ್ಲೈ, ಅಂದರೆ ಬರ್ಚ್ ಮರದ ತೆಳು ಪದರಗಳನ್ನು ಅಂಟಿಸಿ ಮಾಡಿದ ಪ್ಲೈವುಡ್, ಅಂತ ಮೂರು ಸಲ ಬರೆದೆ. ಕೊಟೇಶನ್ ಬಂತು: ಬರ್ಚ್ ಪ್ಲೈ, ಕಟಿಂಗ್ ಎಲ್ಲ ಸೇರಿ 16,500. ಈ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಅರ್ಧ ಅಡ್ವಾನ್ಸ್, ಒಂದು ಸ್ಯಾಂಪಲ್ ತುಂಡು, ಅದು ಸರಿ ಇದ್ದರೆ ಪೂರ್ತಿ ಕಟಿಂಗ್, ಮಿಕ್ಕ ದುಡ್ಡು. ಅವನು ಹೇಳಿದ, "ಫುಲ್ ಪೇಮೆಂಟ್ ಮಾಡಿದ್ರೆ ಹತ್ತು ಪರ್ಸೆಂಟ್ ಬಿಡ್ತೀನಿ ಸಾರ್, ಸ್ಯಾಂಪಲ್‌ಗೆ ಅಂತ ಒಂದು ವಾರ ಯಾಕೆ ವೇಸ್ಟ್?" ಹೊರಗೆ ಧೋ ಅಂತ ಮಳೆ. ಬೆಂಗಳೂರಿಗೆ ಹೋಗಿ ಬರೋಕೆ ಎರಡು ದಿನ. ಮನಸ್ಸು ಸೋಮಾರಿ ಆಯಿತು. 14,850 ಕಳಿಸಿಬಿಟ್ಟೆ.

ಆಗಲೇ ಒಂದು ಸುಳಿವು ಸಿಕ್ಕಿತ್ತು. ಫೋನಿನಲ್ಲಿ ಅವನು, "ಸಾರ್, ಇದಕ್ಕೆ ಹೀಲಿಯಂ ಬಲೂನ್ ಇಟ್ರೆ ಹಾರತ್ತೆ, ಒಬ್ರಿಗೆ ಮಾಡಿ ಕೊಟ್ಟಿದೀನಿ" ಅಂದ. ನಾನು ನಕ್ಕು ಸುಮ್ಮನಾದೆ. ಲೆಕ್ಕ ನೋಡಿ. ಆರ್101ರ ಒಳಗೆ ಹಿಡಿಯುತ್ತಿದ್ದ ಗ್ಯಾಸ್ ಸುಮಾರು 55 ಲಕ್ಷ ಘನ ಅಡಿ. ಉದ್ದ ನೂರು ಪಟ್ಟು ಇಳಿದರೆ ಒಳಗಿನ ಜಾಗ ಹತ್ತು ಲಕ್ಷ ಪಟ್ಟು ಇಳಿಯುತ್ತದೆ. ಉಳಿಯುವುದು ಐದೂವರೆ ಘನ ಅಡಿ, ಸುಮಾರು 156 ಲೀಟರ್. ಒಂದು ಲೀಟರ್ ಹೀಲಿಯಂ ಎತ್ತುವುದು ಹೆಚ್ಚುಕಡಿಮೆ ಒಂದು ಗ್ರಾಂ. ಅಂದರೆ ಪೂರ್ತಿ ತುಂಬಿದರೂ 156 ಗ್ರಾಂ, ಒಂದು ಮೊಬೈಲ್ ಫೋನ್ ಎತ್ತಿದರೆ ಹೆಚ್ಚು. ನನ್ನ ಮರದ ಎಲುಬುಗೂಡೇ ಎರಡು ಕೆಜಿಗೂ ಮೇಲೆ. ಹಾರತ್ತಂತೆ! ಇಷ್ಟು ಸಲೀಸಾಗಿ ಸುಳ್ಳು ಹೇಳುವವನು ಬೇರೆ ವಿಷಯದಲ್ಲೂ ಹೇಳುತ್ತಾನೆ ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಜುಲೈ ಮಧ್ಯದಲ್ಲಿ ಮಡಿಕೇರಿ ಬಸ್ ಸ್ಟ್ಯಾಂಡಿಗೆ ಪಾರ್ಸೆಲ್ ಬಂತು. ಪ್ಲಾಸ್ಟಿಕ್ ಸುತ್ತಿ, ಮೂಲೆಗೆಲ್ಲ ಥರ್ಮೋಕೋಲ್ ಕೊಟ್ಟು ಮದುವೆ ಉಡುಗೊರೆ ಥರ ಕಟ್ಟಿದ್ದರು. ಬಿಚ್ಚಿದೆ. ಮೇಲ್ಮೈ ನೋಡಿ ಖುಷಿ ಆಯಿತು. ತಿಳಿ ಹಳದಿ ಬಣ್ಣ, ಸಣ್ಣ ಸಣ್ಣ ಗೆರೆ, ಥೇಟ್ ಬರ್ಚ್. ಅಂಚು ಕಪ್ಪಗೆ ಸುಟ್ಟಿತ್ತು. ಲೇಸರ್ ಅಂದಮೇಲೆ ಸುಡುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಅಂದೇ ರಾತ್ರಿ ಅಂಟು ಹಾಕದೆ ಆರು ಬಳೆ, ನಾಲ್ಕು ಪಟ್ಟಿ ಜೋಡಿಸಿ ನೋಡಿದೆ. ಟಕ್ ಟಕ್ ಅಂತ ಕೂತವು. ಫೋಟೋ ತೆಗೆದು ಮನೆಮಂದಿಗೆ, ನೆಂಟರಿಗೆ, ಅಂಗಡಿಗೆ ಬರುವ ಗಿರಾಕಿಗಳಿಗೆ, ಯಾರನ್ನೂ ಬಿಡದೆ ಕಳಿಸಿದೆ. ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧಪೂಜೆ ಹಬ್ಬಕ್ಕೆ ಬನ್ನಿ, ಪೂರ್ತಿ ತೋರಿಸುತ್ತೇನೆ ಅಂತ ಬೇರೆ ಹೇಳಿದೆ. ಅವನಿಗೂ ಥ್ಯಾಂಕ್ಸ್ ಹೇಳಿ ಐದು ಸ್ಟಾರ್ ಕೊಟ್ಟೆ. ಐದು ಸ್ಟಾರ್!

ಆಮೇಲೆ ಹತ್ತು ದಿನ ಸೂರ್ಯನ ಮುಖ ನೋಡಲಿಲ್ಲ. ಕಕ್ಕಡ ಅಂದರೆ ನಮ್ಮ ಕಡೆಯ ಮಳೆಗಾಲದ ತಿಂಗಳು, ಆ ಮಳೆ ಹೇಗೆ ಅಂತ ನಿಮಗೆ ಗೊತ್ತು. ಬಟ್ಟೆ ಒಲೆ ಮೇಲೆ ಒಣಗಬೇಕು, ಚಪ್ಪಲಿಗೆ ಬೂಷ್ಟು, ಉಪ್ಪು ಡಬ್ಬಿಯಲ್ಲೇ ನೀರು. ಕರೆಂಟು ಬಂದಾಗ ಬಂತು. ಹತ್ತು ದಿನ ಬಿಟ್ಟು ಮಿಕ್ಕ ಪಟ್ಟಿ ಹಾಕಲು ಹೋದರೆ ಒಂದೂ ಕಚ್ಚಿಗೆ ಇಳಿಯುತ್ತಿಲ್ಲ. ವರ್ನಿಯರ್ ಹಿಡಿದೆ. ಬಂದ ದಿನ 3.0 ತೋರಿಸಿದ್ದ ಪಟ್ಟಿ ಈಗ 3.3. ಮಳೆಗಾಲ, ಮರ ಅಂದರೆ ಸ್ವಲ್ಪ ಉಬ್ಬುತ್ತದೆ ಅಂತ ನಾನೇ ಅವನ ಪರ ವಕೀಲಿ ಮಾಡಿಕೊಂಡೆ. ಸಣ್ಣ ಅರ ತೆಗೆದುಕೊಂಡು ಒಂದೊಂದೇ ಕಚ್ಚು ಉಜ್ಜಲು ಕೂತೆ. ಅವತ್ತು ಆಗಸ್ಟ್ 3, ಕಕ್ಕಡ ಹದಿನೆಂಟು, ನಾವು ಮದ್ದು ಸೊಪ್ಪು ತಿನ್ನುವ ದಿನ. ಮನೆ ತುಂಬ ಮದ್ದು ಸೊಪ್ಪಿನ ಪಾಯಸದ ವಾಸನೆ. ಹೆಂಡತಿ ಒಂದು ಬಟ್ಟಲು ನೇರಳೆ ಪಾಯಸ ತಂದು ಪಕ್ಕದಲ್ಲಿಟ್ಟು ಹೋದಳು.

ಮೂವತ್ತೋ ನಲವತ್ತೋ ಕಚ್ಚು ಆಗಿತ್ತು. ಬಟ್ಟಲು ಎತ್ತಿಕೊಳ್ಳೋಣ ಅಂತ ನೋಡಿದರೆ ಟೇಬಲ್ ಮೇಲೆ ಪುಡಿ ಬಿದ್ದಿದೆ. ಕಂದು ಪುಡಿ. ನುಣ್ಣಗೆ. ನಮ್ಮ ಮನೆ ಕಾಫಿಪುಡಿ ಥರ. ಬರ್ಚ್ ಬಿಳಿ ಮರ. ಸುಟ್ಟ ಕಪ್ಪು ಹೋದಮೇಲೆ ಬಿಳಿ ಹೊಟ್ಟು ಬರಬೇಕು. ಪಟ್ಟಿಯ ಅಂಚನ್ನು ಎಮರಿ ಕಾಗದಕ್ಕೆ ಹಾಕಿ ಚೆನ್ನಾಗಿ ಉಜ್ಜಿದೆ. 3 ಎಂಎಂ ಬರ್ಚ್ ಪ್ಲೈ ಆದರೆ ಮೂರು ಪದರ ಕಾಣಬೇಕು, ಸ್ಯಾಂಡ್‌ವಿಚ್ ಥರ. ಪದರವೇ ಇಲ್ಲ. ಇಡೀ ದಪ್ಪಕ್ಕೆ ಒಂದೇ ಕಂದು ಹಿಟ್ಟು, ರಸ್ಕ್ ಮುರಿದ ಹಾಗೆ. ಮೇಲೊಂದು ಕೆಳಗೊಂದು ಕಾಗದದಷ್ಟು ತೆಳು ಬಿಳಿ ಗೆರೆ.

ಎಂಡಿಎಫ್. ಮೇಲೆ ಬರ್ಚ್ ಸಿಪ್ಪೆ ಅಂಟಿಸಿದ ಎಂಡಿಎಫ್.

ಮರದ ನಾರಿಗೆ ಅಂಟು ಕಲಸಿ ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ ಅದು. ಫೋಟೋ ಫ್ರೇಮಿಗೆ, ಒಣ ಊರಿನ ಶೋಕೇಸಿಗೆ ಅಡ್ಡಿಯಿಲ್ಲ. ತೇವ ಕಂಡರೆ ಅಂಚಿನಿಂದ ಹೀರಿಕೊಂಡು ದಪ್ಪಕ್ಕೆ ಉಬ್ಬುತ್ತದೆ. ಒಮ್ಮೆ ಉಬ್ಬಿದರೆ ಒಣಗಿಸಿದರೂ ಮೊದಲಿನ ಹಾಗೆ ಆಗಲ್ಲ. ಕೊಡಗಿನ ಮಳೆಗಾಲಕ್ಕೆ ಅದನ್ನು ಕಳಿಸುವುದು ಅಂದರೆ ಬೆಲ್ಲದಲ್ಲಿ ದೋಣಿ ಮಾಡಿ ಕೊಟ್ಟ ಹಾಗೆ. ಮೇಲೆ ಸಿಪ್ಪೆ, ಅಂಚಿಗೆ ಲೇಸರ್ ಮಸಿ. ಒಳಗೇನಿದೆ ಅಂತ ಕಾಣುವ ದಾರಿಯೇ ಇಲ್ಲ. ಅಷ್ಟು ಚೆನ್ನಾಗಿ ಮುಚ್ಚಿಹೋಗಿದೆ.

ನನಗೆ ಯಾಕೆ ಅಷ್ಟು ಅವಮಾನ ಗೊತ್ತಾ? ಡೂಪ್ಲಿಕೇಟ್ ಬೇರಿಂಗ್ ಹೇಗೆ ಕಂಡುಹಿಡಿಯಬೇಕು ಅಂತ ಗಿರಾಕಿಗಳಿಗೆ ದಿನಾ ಪಾಠ ಹೇಳುವವನು ನಾನು. ಡಬ್ಬಿ ನೋಡಬೇಡಿ, ಒಳಗಿನ ಮಾಲು ನೋಡಿ ಅಂತ. ಡಬ್ಬಿ ನೋಡಿ ಐದು ಸ್ಟಾರ್ ಕೊಟ್ಟವನೂ ನಾನೇ. ಪಾಯಸ ಹಾಗೇ ಆರಿಹೋಯಿತು.

ಅಂಚಿನ ಫೋಟೋ ಕಳಿಸಿದೆ. ಎರಡು ದಿನ ನೀಲಿ ಟಿಕ್ ಮಾತ್ರ. ಮೂರನೇ ದಿನ ಉತ್ತರ: "ಸಾರ್, ನಿಮ್ಮಲ್ಲಿ ಮಳೆ ಜಾಸ್ತಿ. ಅದಕ್ಕೆ ನಾವೇನ್ ಮಾಡೋಕಾಗತ್ತೆ." ಮಳೆ ವಿಷಯ ಅಲ್ಲ, ಇದು ಪ್ಲೈ ಅಲ್ಲ ಅಂದೆ. "ಎಂಡಿಎಫ್ ಕೂಡ ವುಡ್ಡೇ ಸಾರ್." ನಾನು ಪ್ಲೈಗೆ ದುಡ್ಡು ಕೊಟ್ಟಿದ್ದು ಅಂದೆ. "ರೂಮಲ್ಲಿ ಹೀಟರ್ ಹಾಕಿ ಸಾರ್, ಸರಿ ಹೋಗತ್ತೆ." ಫೋನ್ ಮಾಡಿದರೆ ಎತ್ತಲಿಲ್ಲ. ಬೇರೆ ನಂಬರಿನಿಂದ ಮಾಡಿದೆ, ಎತ್ತಿದ. ಕೊಟೇಶನ್ ಓದಿ ಹೇಳಿದೆ, ಬರ್ಚ್ ಪ್ಲೈ ಅಂತ ನೀವೇ ಬರೆದಿದ್ದೀರಿ. ಆಗ ಅವನು ಎಷ್ಟು ತಣ್ಣಗೆ ಹೇಳಿದ ಅಂದರೆ ಅದು ಈಗಲೂ ಕಿವಿಯಲ್ಲಿದೆ. "ಸಾರ್, ಕೊಟೇಶನ್ ಬಿಡಿ. ಬಿಲ್ ನೋಡಿ."

ಬಿಲ್ ಪಾರ್ಸೆಲ್ ಒಳಗೇ ಇತ್ತು. ಮೊತ್ತ ನೋಡಿ ಮಡಚಿಟ್ಟಿದ್ದೆ. ತೆಗೆದು ಓದಿದೆ. 'ಬರ್ಚ್ ಫಿನಿಶ್ ಬೋರ್ಡ್, 3 ಎಂಎಂ.'

ಫಿನಿಶ್! ಆ ಒಂದು ಪದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೊಟೇಶನ್‌ನಲ್ಲಿ ಪ್ಲೈ, ಬಿಲ್‌ನಲ್ಲಿ ಫಿನಿಶ್. ಇದು ಕೈತಪ್ಪಿ ಆದದ್ದಲ್ಲ ಸ್ವಾಮಿ. ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಅಂತ ಕೂತು ಯೋಚಿಸಿ ಬರೆದದ್ದು. "ನೀವು ಮಾಲು ರಿಸೀವ್ ಮಾಡಿದೀರ, ಚೆನ್ನಾಗಿದೆ ಅಂತ ರೇಟಿಂಗ್ ಕೂಡ ಕೊಟ್ಟಿದೀರ ಸಾರ್, ಈಗ ಹೀಗಂದ್ರೆ?" ಅಂತ ಉಪದೇಶ ಬೇರೆ. ನನ್ನ ಐದು ಸ್ಟಾರ್ ನನ್ನ ಮುಖಕ್ಕೇ ಹೊಡೆದ.

ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಆಯಿತು, ನನ್ನ ಸ್ಪ್ಯಾನರ್ ಪೆಟ್ಟಿಗೆಗೂ ಆಯಿತು. ಕಡುಬು, ಪಂದಿಕರಿ ಮುಗಿಸಿ ಎಲ್ಲರೂ ಜಗಲಿಗೆ ಬಂದರು. ಬಚ್ಚಿಡೋಣ ಅಂದರೆ ಎರಡು ಮೀಟರ್ ಉದ್ದದ್ದನ್ನು ಎಲ್ಲಿ ಬಚ್ಚಿಡೋದು? ಅರ್ಧ ಕಟ್ಟಿದ್ದು ತೂಗಾಡುತ್ತಿತ್ತು, ಪಟ್ಟಿಗಳು ಸೊಟ್ಟಗಾಗಿ ನಡು ಜೋತುಬಿದ್ದಿತ್ತು. ಭಾವ ಒಂದು ಸುತ್ತು ಬಂದು, "ಇದೇನು, ಬಾಳೆಗೊನೆಗೆ ಗೂಡಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಏನು ಮಾಡೋದು.

1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕೊಟೇಶನ್, ಬಿಲ್, ಚಾಟ್, ಅಂಚಿನ ಫೋಟೋ ಎಲ್ಲ ಒಂದು ಕಡೆ ಇಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ, ಡಿಲೀಟ್ ಮಾಡಬೇಡಿ.

ನೀವು ಕಟಿಂಗ್ ಮಾಡಿಸುವುದಾದರೆ ಸ್ಯಾಂಪಲ್ ತುಂಡು ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ತುಂಡು ಬಂದರೆ ಅಂಚು ಉಜ್ಜಿ, ಪದರ ಎಣಿಸಿ. ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬೆಳಿಗ್ಗೆ ದಪ್ಪ ಅಳೆಯಿರಿ, ಎಂಡಿಎಫ್ ಆಗಿದ್ದರೆ ತಾನೇ ಬಾಯಿಬಿಡುತ್ತದೆ. ಬಿಲ್‌ನಲ್ಲಿ 'ಫಿನಿಶ್', 'ಲುಕ್', 'ಟೈಪ್' ಅಂತ ಏನಾದರೂ ಕಂಡರೆ ಅಲ್ಲೇ ನಿಲ್ಲಿಸಿ. ಪಾರ್ಸೆಲ್ ಬಂದ ದಿನವೇ ಸ್ಟಾರ್ ಕೊಡಬೇಡಿ. ಮತ್ತೆ, ಎರಡು ಕೆಜಿ ಮರ ಬಲೂನಿನಲ್ಲಿ ಹಾರುತ್ತದೆ ಅನ್ನುವವನ ಹತ್ತಿರ ಏನನ್ನೂ ಕೊಳ್ಳಬೇಡಿ!

ಮೊನ್ನೆ ಅವನಿಂದ ಮೆಸೇಜ್ ಬಂತು. ದುಡ್ಡು ವಾಪಸ್ ಕೊಡ್ತಾನೇನೋ ಅಂತ ಎದೆ ಒಮ್ಮೆ ಹಾರಿತು. ತೆರೆದರೆ ದಸರಾ ಆಫರ್. ಎಲ್ಲರಿಗೂ ಕಳಿಸಿದ್ದು, ನನಗೂ ಬಂದಿದೆ. 'ಅಪ್ಪಟ ಬರ್ಚ್ ಪ್ಲೈ, 20 ಪರ್ಸೆಂಟ್ ಕಡಿತ.' ಕೊನೆಯಲ್ಲಿ ಕೈಮುಗಿಯುವ ಚಿತ್ರ.

ಮಳೆ ಪೂರ್ತಿ ಬಿಟ್ಟಮೇಲೆ ಬೇರೆ ಕಡೆ ಹೊಸದಾಗಿ ಕಟ್ ಮಾಡಿಸುತ್ತೇನೆ. ಈ ಸಲ ನಾನೇ ಹೋಗಿ ಮಿಷನ್ ಪಕ್ಕ ನಿಂತು. ಸ್ನೇಹಿತರೊಬ್ಬರ ಹತ್ತಿರ ಬೇಡಿ ತಂದ ಅಸಲಿ ಬರ್ಚ್ ಪ್ಲೈ ತುಂಡು ಒಂದು, ಈ ಹಾಳು ಬೋರ್ಡಿನ ತುಂಡು ಒಂದು, ಎರಡೂ ಅಂಗಡಿ ಕೌಂಟರ್ ಮೇಲೆ ಇವೆ. ಪಕ್ಕದಲ್ಲೇ ಎಮರಿ ಕಾಗದ ಇದೆ. ಮೂರ್ನಾಡು ಕಡೆ ಬಂದರೆ ಉಜ್ಜಿ ನೋಡಿ.